ಅನುಮಾನಕ್ಕೆ ಆಧಾರ

ದಿಲ್ಲಿಯ ಸರ್ಕಾರಿ ಕಚೇರಿಗಳಲ್ಲಿ ಫೆಬ್ರವರಿ ಅರ್ಧ ಕಳೆಯಿತೆಂದರೆ ಜನರ ನಡಿಗೆಯೇ ಬದಲಾಗುತ್ತದೆ. ಹತ್ತು ತಿಂಗಳು ಕಾಲೆಳೆದುಕೊಂಡು ಓಡಾಡಿದವರೆಲ್ಲ ಕಾರಿಡಾರಿನಲ್ಲಿ ಓಡತೊಡಗುತ್ತಾರೆ. ಮಾರ್ಚ್ ಮೂವತ್ತೊಂದರೊಳಗೆ ಖರ್ಚಾಗದ ದುಡ್ಡು ಖಜಾನೆಗೆ ವಾಪಸ್, ಅದಕ್ಕೆ. ಇಂಥ ಹೊತ್ತಿನಲ್ಲೂ ಓಡದೆ, ಹೆಗಲಿಗೊಂದು ಬಟ್ಟೆ ಚೀಲ ಹಾಕಿಕೊಂಡು ಸಾವಕಾಶವಾಗಿ ನಡೆಯುತ್ತಿದ್ದವರು ಒಂದು ಆರೋಗ್ಯ ಸಂಸ್ಥೆಯ ಮೂರನೇ ಮಹಡಿಯಲ್ಲಿ ಒಬ್ಬರೇ ಒಬ್ಬರು. ಖರೀದಿ ವಿಭಾಗದ ಸೆಕ್ಷನ್ ಆಫೀಸರ್ ಅಹಲ್ಯಾ.

ಮಂಚದಿಂದ ಹಿಡಿದು ಸೂಜಿಯವರೆಗೆ ಆ ಸಂಸ್ಥೆ ಏನೇ ಕೊಂಡರೂ ಫೈಲು ಅಹಲ್ಯಾರ ಮೇಜು ದಾಟಿಯೇ ಹೋಗಬೇಕು. ಮೂವತ್ತಾರು ವರ್ಷದ ಸರ್ವಿಸ್. ಈ ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತಿ. ಇನ್ನು ನಲವತ್ತು ದಿನ ಬಾಯಿ ಮುಚ್ಚಿಕೊಂಡು ಬಂದ ಫೈಲಿಗೆ ಸಹಿ ಹಾಕಿದ್ದರೆ, ಶಾಲು ಹೊದಿಸಿಕೊಂಡು, ಸಮೋಸ ತಿಂದು, ಕಿದ್ವಾಯಿ ನಗರದ ಕ್ವಾರ್ಟರ್ಸ್ ಬಿಟ್ಟು ದ್ವಾರಕಾದಲ್ಲಿ ಕೊಂಡ ಫ್ಲಾಟಿಗೆ ಹೋಗಿ ನೆಮ್ಮದಿಯಾಗಿ ಇರಬಹುದಿತ್ತು. ಯಾರು ಬೇಡ ಅಂದಿದ್ದರು?

ಆದರೆ ಫೆಬ್ರವರಿ ಹದಿನೇಳಕ್ಕೆ ಒಂದು ಫೈಲು ಬಂತು. ಲಸಿಕೆ ಪೆಟ್ಟಿಗೆಗಳ ಫೈಲು. ನೀವು ನೋಡಿರುತ್ತೀರಿ, ಪೋಲಿಯೊ ಹನಿ ಹಾಕಲು ಬರುವ ಸಿಸ್ಟರ್‌ಗಳು ಹೆಗಲಿಗೆ ನೇತುಹಾಕಿಕೊಂಡಿರುವ ನೀಲಿ ಪೆಟ್ಟಿಗೆ, ಒಳಗೆ ಐಸ್ ಪ್ಯಾಕ್, ಅದರ ನಡುವೆ ಲಸಿಕೆ. ಅಂಥವು ನಲವತ್ತು ಸಾವಿರ ಬೇಕು. ಒಂದಕ್ಕೆ ಸಾವಿರದ ನಾನೂರ ಐವತ್ತು ರೂಪಾಯಿ ಎಂದು ಅಂದಾಜು. ಒಟ್ಟು ಐದು ಕೋಟಿ ಎಂಬತ್ತು ಲಕ್ಷ. ಬೇಸಿಗೆಯ ಲಸಿಕೆ ಅಭಿಯಾನಕ್ಕೆ ಮೊದಲು ಪೆಟ್ಟಿಗೆ ಕೈಗೆ ಸಿಗಬೇಕೆಂದರೆ ಮಾರ್ಚ್ ಕೊನೆಯೊಳಗೆ ಆರ್ಡರ್ ಹೊರಡಬೇಕು. ಅದಕ್ಕೇ ಫೈಲಿನ ಮೇಲೆ ‘ಅತ್ಯಂತ ತುರ್ತು’ ಎಂಬ ಕೆಂಪು ಗುರುತಿತ್ತು. ಫೆಬ್ರವರಿಯಲ್ಲಿ ಕೆಂಪು ಗುರುತಿಲ್ಲದ ಫೈಲು ಹುಡುಕಬೇಕು, ಅದು ಬೇರೆ ಮಾತು.

ಆ ದಿನ ಅಹಲ್ಯಾ ಪೆನ್ಷನ್ ಕಾಗದ ಸಹಿ ಮಾಡಿಸಲು ಅರ್ಧ ದಿನ ರಜೆ ಹಾಕಿದ್ದರು. ಮೇಜಿನಲ್ಲಿ ಇದ್ದವಳು ಹೊಸ ಅಸಿಸ್ಟೆಂಟ್ ತನುಶ್ರೀ. ಅರಸೀಕೆರೆಯ ಹುಡುಗಿ, ಕೆಲಸಕ್ಕೆ ಸೇರಿ ಐದು ತಿಂಗಳು, ಇನ್ನೂ ಪ್ರೊಬೇಷನ್. ಮೇಲಿನ ಅಧಿಕಾರಿ ತ್ಯಾಗಿ ಸಾಹೇಬರು ಫೋನ್ ಮಾಡಿ “ಟಿಪ್ಪಣಿ ಬರೆದು ನೇರ ನನಗೇ ಕಳಿಸು, ಜಲ್ದಿ” ಅಂದರು. ಇವಳು ಕಳಿಸಿದಳು. ಕಂಪ್ಯೂಟರಿನ ಫೈಲಿನಲ್ಲಿ ಒಮ್ಮೆ ಮೇಲಕ್ಕೆ ಹೋದ ಟಿಪ್ಪಣಿ ಅಳಿಸಲು ಬ್ರಹ್ಮನಿಂದಲೂ ಆಗುವುದಿಲ್ಲ.

ಮಧ್ಯಾಹ್ನ ಅಹಲ್ಯಾ ಬಂದು ಕೂತಾಗ ತ್ಯಾಗಿ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಮೂವತ್ತು ವರ್ಷದಿಂದ ಇದೇ ಕಟ್ಟಡದಲ್ಲಿದ್ದ ಮನುಷ್ಯ, ಕೆಟ್ಟವರಲ್ಲ, ಆದರೆ ಮಹಾ ಪುಕ್ಕಲು.

“ಮೇಡಂ, ನಿಮ್ಮ ಹುಡುಗಿ ಏನು ಬರೆದಿದ್ದಾಳೆ, ಓದಿ.”

ಅಹಲ್ಯಾ ಓದಿದರು. ಹಿಂದಿಯ ಫಾರಂನಲ್ಲಿ ‘ಅನುಮಾನ್ ಕಾ ಆಧಾರ್’ ಎಂದೊಂದು ಕಾಲಂ ಇರುತ್ತದೆ. ಅಂದಾಜು ಬೆಲೆಯನ್ನು ಯಾವುದರ ಆಧಾರದ ಮೇಲೆ ಹಾಕಿದಿರಿ ಅಂತ. ಎಲ್ಲರೂ ಅಲ್ಲಿ ‘ಕಳೆದ ಸಲದ ದರ’ ಅಂತ ಮೂರು ಪದ ಬರೆದು ಮುಂದೆ ಹೋಗುತ್ತಾರೆ. ತನುಶ್ರೀ ಬರೆದದ್ದು ಇಷ್ಟು: “ಅನುಮಾನಕ್ಕೆ ಆಧಾರಗಳು. ಒಂದು, ದರ ಕೇಳಿದ್ದು ಒಂದೇ ಕಂಪನಿಯನ್ನು. ಎರಡು, ಕಳೆದ ಸಲವೂ ಅದೇ ಕಂಪನಿ. ಮೂರು, ನಮ್ಮ ಸ್ಪೆಸಿಫಿಕೇಶನ್ ಪಟ್ಟಿಯ ಏಳನೇ ಸಾಲಿನಲ್ಲಿ ‘ನಮ್ಮ ಪೇಟೆಂಟ್ ಪಡೆದ ಜೋಡಿ ಚಿಲಕ’ ಇರತಕ್ಕದ್ದು ಎಂದಿದೆ. ಇಲ್ಲಿ ‘ನಮ್ಮ’ ಎಂದರೆ ಯಾರು?”

ಅಹಲ್ಯಾಗೆ ಮೊದಲು ನಗು ಬಂತು. ಆಮೇಲೆ ಏಳನೇ ಸಾಲನ್ನು ಹುಡುಕಿ ಓದಿದಾಗ ನಗು ನಿಂತುಹೋಯಿತು. ನಿಜಕ್ಕೂ ಹಾಗೇ ಇತ್ತು. ಫರೀದಾಬಾದಿನ ಒಂದು ಕಂಪನಿಯ ಜಾಹೀರಾತು ಪುಸ್ತಿಕೆಯಿಂದ ಯಾರೋ ಪುಣ್ಯಾತ್ಮರು ಸಾಲುಸಾಲೇ ನಕಲು ಹೊಡೆದು, ‘ನಮ್ಮ’ ಎಂಬುದನ್ನು ಅಳಿಸಲೂ ಸೋಮಾರಿತನ ಮಾಡಿದ್ದರು. ಭಾರತ ಸರ್ಕಾರದ ಟೆಂಡರು, ಅದರಲ್ಲಿ ಕಂಪನಿಯವನು ಕೂತು ‘ನಮ್ಮ ಚಿಲಕ’ ಅನ್ನುತ್ತಿದ್ದಾನೆ.

ತನುಶ್ರೀ ಮೂಲೆಯಲ್ಲಿ ಬಿಳಿಚಿಕೊಂಡು ನಿಂತಿದ್ದಳು. “ಮೇಡಂ, ಅನುಮಾನ ಅಂತ ಇತ್ತಲ್ಲ, ಅದಕ್ಕೆ ನನಗಿದ್ದ ಅನುಮಾನ ಬರೆದೆ. ಅಂದಾಜು ಅಂತ ಅರ್ಥ ಅಂತ ಆಮೇಲೆ ಗೊತ್ತಾಯಿತು.”

ಈಗ ನಿಮಗೆ ಅಹಲ್ಯಾರ ಕಥೆ ಹೇಳಲೇಬೇಕು, ಇಲ್ಲದಿದ್ದರೆ ಅವರು ಆ ಹುಡುಗಿಯನ್ನು ಯಾಕೆ ಬೈಯಲಿಲ್ಲ ಎಂದು ನಿಮಗೆ ಅರ್ಥವಾಗುವುದಿಲ್ಲ.

ಅಹಲ್ಯಾ ತಿಪಟೂರಿನವರು. ತಂದೆ ಅಲ್ಲಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಇಪ್ಪತ್ತನಾಲ್ಕರ ವಯಸ್ಸಿಗೆ ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೆ ಬಂದಿಳಿದಾಗ ಅವರಿಗೆ ಬರುತ್ತಿದ್ದ ಹಿಂದಿ ಪರೀಕ್ಷೆಯಲ್ಲಿ ಪಾಸಾಗುವಷ್ಟೇ, ಆಟೋದವನ ಹತ್ತಿರ ಜಗಳ ಆಡುವಷ್ಟಲ್ಲ. ಸೇರಿದ ಮೊದಲ ವಾರ ಕೈಗೆ ಬಂದದ್ದು ಆಸ್ಪತ್ರೆಯ ಕಬ್ಬಿಣದ ಮಂಚಗಳ ಫೈಲು. ಮೇಲೆ ‘ಅನುಮಾನಿತ್ ಲಾಗತ್’ ಎಂದು ಬರೆದಿತ್ತು. ಲಾಗತ್ ಅಂದರೆ ವೆಚ್ಚ. ಹಿಂದಿಯವರಿಗೆ ಅನುಮಾನ ಅಂದರೆ ಅಂದಾಜು. ನಮಗೆ ಅನುಮಾನ ಅಂದರೆ ಅನುಮಾನವೇ. ಅಹಲ್ಯಾ ಅಂದುಕೊಂಡರು, ಪರವಾಗಿಲ್ಲ, ದಿಲ್ಲಿಯವರು ಬಹಳ ಪ್ರಾಮಾಣಿಕರು, ಸಂಶಯ ಬರೆಯುವುದಕ್ಕೂ ಒಂದು ಜಾಗ ಬಿಟ್ಟಿದ್ದಾರೆ. ಬರೆದೇ ಬಿಟ್ಟರು: “ಮಂಚಕ್ಕೆ ಎಂಟುನೂರ ನಲವತ್ತು ರೂಪಾಯಿ ಎಂಬುದು ಅನುಮಾನಕ್ಕೆ ಎಡೆಮಾಡುತ್ತದೆ. ಇಂಥದ್ದೇ ಮಂಚವನ್ನು ನಾನು ಹೋದ ವಾರ ಕರೋಲ್ ಬಾಗಿನಲ್ಲಿ ಐನೂರ ಹತ್ತಕ್ಕೆ ಕೊಂಡಿದ್ದೇನೆ. ದಿನಾ ಅದರ ಮೇಲೇ ಮಲಗುತ್ತಿದ್ದೇನೆ. ಮುರಿದಿಲ್ಲ.”

ಸೆಕ್ಷನ್ನಿಗೆ ಸೆಕ್ಷನ್ನೇ ಎರಡು ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆದರೆ ಮೇಲಿದ್ದ ಮುದುಕ ಅಧಿಕಾರಿಯೊಬ್ಬರು ನಗಲಿಲ್ಲ. ಅಂದಾಜನ್ನು ರದ್ದು ಮಾಡಿ, ಮಂಚವನ್ನು ಐನೂರ ಮೂವತ್ತಕ್ಕೆ ಕೊಂಡರು. ಅಂದಿನಿಂದ ಅಹಲ್ಯಾಗೆ ಅರ್ಥ ಗೊತ್ತಾದ ಮೇಲೂ ಅಭ್ಯಾಸ ಬಿಡಲಿಲ್ಲ. ಅಂದಾಜಿನ ಕಾಲಂನಲ್ಲಿ ಅನುಮಾನ ಬರೆಯುವುದೇ ಅವರ ಕೆಲಸವಾಯಿತು. ಫೈಲಿನಲ್ಲಿದ್ದ ವಸ್ತುವನ್ನು ಕೈಯಲ್ಲಿ ಮುಟ್ಟದೆ, ಅದನ್ನು ಬಳಸುವವರನ್ನು ಕೇಳದೆ ಸಹಿ ಹಾಕುವುದಿಲ್ಲ. ಎದುರಿಗೆ ‘ಅಹಲ್ಯಾ ಮೇಡಂ’, ಬೆನ್ನ ಹಿಂದೆ ‘ಶಕ್ಕೀ ಮೇಡಂ’, ಅಂದರೆ ಸಂಶಯದ ಹೆಂಗಸು. ಅವರಿಗೆ ಎರಡೂ ಗೊತ್ತು, ಎರಡಕ್ಕೂ ಬೇಸರವಿಲ್ಲ.

“ಮೇಡಂ, ಮಾರ್ಚ್ ಹತ್ತಿರ ಬಂದಾಗ ಅನುಮಾನ ಪಡಬಾರದು,” ಅಂದರು ತ್ಯಾಗಿ. “ನೀವು ಒಂದೇ ಸಾಲು ಬರೆಯಿರಿ. ಟಿಪ್ಪಣಿ ಬರೆದವಳಿಗೆ ಹಿಂದಿ ಸರಿಯಾಗಿ ಬಾರದು, ಭಾಷಾ ದೋಷ, ಪರಿಗಣಿಸಬೇಕಿಲ್ಲ ಅಂತ. ಹುಡುಗಿಗೂ ತೊಂದರೆ ಇಲ್ಲ, ನಿಮಗೂ ಇಲ್ಲ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ. ಬರೆಯದಿದ್ದರೆ ಏನು ಎಂಬುದನ್ನೂ ಅವರೇ ಹೇಳಿದರು. ಫೈಲು ಮತ್ತೆ ತಾಂತ್ರಿಕ ಸಮಿತಿಗೆ ಹೋಗಬೇಕು. ಟೆಂಡರ್ ಹೊಸದಾಗಿ ಕರೆಯಬೇಕು. ದಿನ ಸಾಲದೆ ಮೂವತ್ತೊಂದು ದಾಟಿತೆಂದರೆ ದುಡ್ಡೂ ಇಲ್ಲ, ಪೆಟ್ಟಿಗೆಯೂ ಇಲ್ಲ. ತಡ ಮಾಡಿದವರು ಯಾರೆಂದು ವಿಚಾರಣೆ ಶುರುವಾಗುತ್ತದೆ. ವಿಚಾರಣೆ ಬಾಕಿ ಇಟ್ಟುಕೊಂಡು ನಿವೃತ್ತರಾದವರ ಗ್ರ್ಯಾಚುಯಿಟಿಯನ್ನು ಸರ್ಕಾರ ತಡೆಹಿಡಿಯುತ್ತದೆ. ಅಹಲ್ಯಾರ ದ್ವಾರಕಾದ ಫ್ಲಾಟಿನ ಕೊನೆಯ ಕಂತು ಆ ದುಡ್ಡಿನಿಂದಲೇ ಕಟ್ಟಬೇಕಾದದ್ದು.

“ನಾಳೆ ಬರೆಯುತ್ತೇನೆ ಸಾರ್,” ಅಂದರು ಅಹಲ್ಯಾ. ಏನು ಬರೆಯುತ್ತೇನೆ ಅನ್ನಲಿಲ್ಲ.

ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಗಂಡ ಅನಂತಮೂರ್ತಿ ಕಾಫಿ ಲೋಟವನ್ನು ಕೆಳಗಿಟ್ಟರು. ಅವರೂ ಸರ್ಕಾರಿ ನೌಕರಿಯವರೇ, ಲೆಕ್ಕಪತ್ರ ಇಲಾಖೆಯಿಂದ ಎರಡು ವರ್ಷದ ಹಿಂದೆ ನಿವೃತ್ತರಾದವರು.

“ಇರಲಾರದೆ ಇರುವೆ ಬಿಟ್ಟುಕೊಳ್ಳೋದು ಅಂದರೆ ಇದೇ ಕಣೇ. ಆ ಹುಡುಗಿ ತಪ್ಪಿ ಬರೆದಿದ್ದಾಳೆ. ತಪ್ಪು ಅಂತ ಬರೆದರೆ ಸುಳ್ಳೂ ಆಗಲ್ಲ.”

“ತಪ್ಪಿ ಬರೆದಿದ್ದಾಳೆ ರೀ, ತಪ್ಪು ಬರೆದಿಲ್ಲ.”

ಗುರುಗ್ರಾಮದ ಆಫೀಸಿನಿಂದ ಆಗಷ್ಟೇ ಬಂದಿದ್ದ ಮಗಳು ಅನನ್ಯಾ ಫ್ರಿಜ್ ಬಾಗಿಲು ತೆರೆದುಕೊಂಡೇ ಮಧ್ಯೆ ಬಾಯಿ ಹಾಕಿದಳು. “ಅಮ್ಮ, ಸೀರಿಯಸ್ಲೀ, ನಲವತ್ತು ದಿನ ಇದೆ ನಿಂಗೆ. ಛೋಡ್ ದೋ ನಾ, ಬಿಟ್ಟುಬಿಡು. ನಮ್ ಆಫೀಸಲ್ಲಿ ನೋಟಿಸ್ ಪೀರಿಯಡ್‌ನಲ್ಲಿ ಯಾರೂ ಲ್ಯಾಪ್‌ಟಾಪೇ ಓಪನ್ ಮಾಡಲ್ಲ.”

“ನಾಳೆ ಬುಧವಾರ, ಲಸಿಕೆ ಹಾಕುವ ದಿನ,” ಅಂದರು ಅಹಲ್ಯಾ. “ಒಂದು ಸಲ ಪೆಟ್ಟಿಗೆ ನೋಡಿಕೊಂಡು ಬರ್ತೀನಿ. ಚೆನ್ನಾಗಿದ್ದರೆ ನೀವು ಹೇಳಿದ ಹಾಗೇ ಬರೀತೀನಿ.”

ಇದು ನಿಜವಾಗಿ ಕೊಟ್ಟ ಮಾತು. ಅವರಿಗೆ ಜಗಳದ ಚಟ ಇರಲಿಲ್ಲ. ಕೊನೆಯ ಕಂತಿನ ಭಯವೂ ಇತ್ತು, ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮರುದಿನ ಬೆಳಿಗ್ಗೆ ತನುಶ್ರೀಯನ್ನು ಆಟೋದಲ್ಲಿ ಕೂರಿಸಿಕೊಂಡು ಕೋಟ್ಲಾದ ಗಲ್ಲಿಯೊಳಗಿನ ಸಣ್ಣ ಡಿಸ್ಪೆನ್ಸರಿಗೆ ಹೋದರು. ಹೊರಗೆ ಕೂಸು ಹೊತ್ತ ಹೆಂಗಸರ ಸಾಲು. ಒಳಗೆ ಸಿಸ್ಟರ್ ಕಮಲೇಶ್. ಐವತ್ತರ ಹರಿಯಾಣದ ಹೆಂಗಸು, ಗಟ್ಟಿ ಗಂಟಲು, ಗಟ್ಟಿ ಕೈ. ಅವರ ಪಕ್ಕದ ಸ್ಟೂಲಿನ ಮೇಲೆ ನೀಲಿ ಪೆಟ್ಟಿಗೆ ಇತ್ತು. ಅದರ ಮುಚ್ಚಳದ ಎರಡೂ ಪಕ್ಕ ಒಂದೊಂದು ಉಕ್ಕಿನ ಚಿಲಕ. ಆದರೆ ಎರಡೂ ತೆರೆದೇ ಇದ್ದವು. ಮುಚ್ಚಳವನ್ನು ಪೆಟ್ಟಿಗೆಗೆ ಬಿಗಿದಿದ್ದದ್ದು ಒಂದು ಸಲ್ವಾರಿನ ಲಾಡಿ.

“ಸಿಸ್ಟರ್, ಲಾಡಿ ಯಾಕೆ? ಚಿಲಕ ಇದೆಯಲ್ಲ?” ಅಂತ ಅಹಲ್ಯಾ ಹಿಂದಿಯಲ್ಲಿ ಕೇಳಿದರು. ಮೂವತ್ತಾರು ವರ್ಷದಲ್ಲಿ ಅವರ ಹಿಂದಿ ಜಗಳ ಆಡುವಷ್ಟು ಆಗಿತ್ತು.

ಕಮಲೇಶ್ ಮಗುವಿನ ತೊಡೆಗೆ ಸೂಜಿ ಚುಚ್ಚಿ, ಅದು ಕಿರುಚುವುದನ್ನು ನಿಲ್ಲಿಸುವವರೆಗೆ ಉತ್ತರ ಕೊಡಲಿಲ್ಲ. ಆಮೇಲೆ ಅಂದರು, “ಈ ಚಿಲಕ ಎರಡೂ ಒಟ್ಟಿಗೆ ಒತ್ತಿದರೇ ತೆರೆಯೋದು. ಎರಡು ಕೈ ಬೇಕು. ಒಂದು ಕೈಯಲ್ಲಿ ಮಗುವಿನ ಕಾಲು, ಒಂದು ಕೈಯಲ್ಲಿ ಸಿರಿಂಜು. ಮೂರನೇ ಕೈ ಎಲ್ಲಿಂದ ತರಲಿ ಮೇಡಂ? ಅದಕ್ಕೆ ತೆರೆದೇ ಇಡ್ತೀವಿ. ಲಾಡಿಯಾದರೆ ಒಂದು ಕೈಯಲ್ಲಿ ಎಳೆದರೂ ಬಿಚ್ಚುತ್ತೆ. ಹಳೆ ಪೆಟ್ಟಿಗೆ ಚೆನ್ನಾಗಿತ್ತು. ಮುಚ್ಚಳ ಮೇಲೆ ಕೂರುತ್ತಿತ್ತು, ಎತ್ತುತ್ತಿದ್ದೆವು, ಮುಗೀತು. ಇದರಲ್ಲಿ ಲಾಡಿ ಸಡಿಲ ಆದರೆ ಮಧ್ಯಾಹ್ನಕ್ಕೆ ಐಸ್ ನೀರಾಗುತ್ತೆ. ಮೇ ತಿಂಗಳಲ್ಲಿ ಎಷ್ಟು ಸಲ ಲಸಿಕೆ ಎಸೆದಿದ್ದೀನಿ, ಲೆಕ್ಕ ಇಟ್ಟಿಲ್ಲ. ಸಾಲಿನಲ್ಲಿ ನಿಂತ ಹೆಂಗಸರನ್ನ ವಾಪಸ್ ಕಳಿಸಿದ್ದೀನಿ.” ಪೆಟ್ಟಿಗೆಯ ತಲೆಗೆ ಒಂದು ಪೆಟ್ಟು ಕೊಟ್ಟು ಕೇಳಿದರು, “ಯಾರು ಮೇಡಂ ಇದನ್ನ ಪಾಸ್ ಮಾಡಿದ್ದು? ಒಂದು ಸಲ ಸಿಗಲಿ ನನಗೆ.”

ಅಹಲ್ಯಾ ಪೆಟ್ಟಿಗೆಯನ್ನು ತಿರುಗಿಸಿ ತಳದಲ್ಲಿದ್ದ ಚೀಟಿ ನೋಡಿದರು. ಮೂರು ವರ್ಷದ ಹಿಂದಿನ ಆರ್ಡರು. ಆ ಫೈಲು ಅವರಿಗೆ ಚೆನ್ನಾಗಿ ನೆನಪಿತ್ತು. ಆ ಮಾರ್ಚಿನಲ್ಲಿ ಅತ್ತೆಗೆ ಆಪರೇಷನ್, ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಆಫೀಸು. ಆ ಒಂದು ಸಲ, ಒಂದೇ ಒಂದು ಸಲ, ಸ್ಪೆಸಿಫಿಕೇಶನ್ ಪಟ್ಟಿಯನ್ನು ತಾಂತ್ರಿಕದವರು ನೋಡಿರುತ್ತಾರೆ ಬಿಡು ಎಂದು, ಓದದೆ, ಮುಟ್ಟದೆ, ಸಹಿ ಹಾಕಿದ್ದರು.

“ನಾನೇ,” ಅಂದರು.

ಕಮಲೇಶ್ ಅವರನ್ನೇ ನೋಡಿದರು. ಬೈಯಲಿಲ್ಲ. ಸ್ವಲ್ಪ ಸರಿದು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟು, “ಕೂತುಕೊಳ್ಳಿ ಮೇಡಂ, ಹನ್ನೆರಡರವರೆಗೆ ಕೂತು ನೋಡಿ,” ಅಂದರು. ಅಹಲ್ಯಾ ಕೂತರು. ಇಪ್ಪತ್ತಾರು ಮಕ್ಕಳು. ಇಪ್ಪತ್ತಾರು ಸಲ ಲಾಡಿ ಬಿಚ್ಚಿ ಲಾಡಿ ಕಟ್ಟುವುದನ್ನು ನೋಡಿದರು. ಅವರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ತಮ್ಮ ಮೇಲೆ ಒಂದು ಪಾಲು, ಏಳನೇ ಸಾಲಿನ ಮೇಲೆ ಮೂರು ಪಾಲು.

ಎದ್ದು ಹೊರಡುವ ಮೊದಲು ಲಾಡಿ ಕಟ್ಟಿದ ಪೆಟ್ಟಿಗೆಯ ಫೋಟೊ ತೆಗೆದರು. ಕಮಲೇಶ್ ಹೇಳಿದ್ದನ್ನು ತನುಶ್ರೀ ಕಾಗದದ ಮೇಲೆ ಬರೆದಳು, ಕಮಲೇಶ್ ಕೆಳಗೆ ಸಹಿ ಹಾಕಿದರು. ಆಟೋದಲ್ಲಿ ಹುಡುಗಿ ಮೆಲ್ಲಗೆ ಕೇಳಿದಳು, “ಮೇಡಂ, ಹಳೆ ಸಹಿ ನಿಮ್ಮದು ಅಂತ ಈಗ ಎಲ್ಲರಿಗೂ ಗೊತ್ತಾಗುತ್ತಲ್ಲ?”

“ಗೊತ್ತಾಗಲಿ. ನಾನೇ ಬರೀತೀನಿ. ಬೇರೆಯವರು ಹುಡುಕಿ ತೆಗೆಯೋವರೆಗೆ ಯಾಕೆ ಕಾಯಬೇಕು?”

ಬರೆದರು. ಒಂದೂವರೆ ಪುಟ. ಟಿಪ್ಪಣಿ ಬರೆದವರ ಹಿಂದಿಯಲ್ಲಿ ದೋಷವಿರಬಹುದು, ಅನುಮಾನದಲ್ಲಿ ದೋಷವಿಲ್ಲ. ಏಳನೇ ಸಾಲು ಒಂದೇ ಕಂಪನಿಯ ಪುಸ್ತಿಕೆಯಿಂದ ಬಂದದ್ದು, ಅದರಿಂದಾಗಿ ಬೇರೆ ಯಾರೂ ಟೆಂಡರ್ ಹಾಕುವಂತಿಲ್ಲ. ಚಿಲಕದಿಂದ ಬಳಸುವವರಿಗೆ ಉಪಯೋಗವಿಲ್ಲ, ಲಸಿಕೆಗೆ ಹಾನಿಯಿದೆ. ಮೂರು ವರ್ಷದ ಹಿಂದೆ ಇದೇ ಪಟ್ಟಿಯನ್ನು ಪರಿಶೀಲಿಸದೆ ಮುಂದಕ್ಕೆ ಕಳಿಸಿದವಳು ನಾನೇ. ಈಗ ಸಾಲನ್ನು ತೆಗೆದು ಹೊಸದಾಗಿ ಟೆಂಡರ್ ಕರೆಯಬೇಕು. ಮೂವತ್ತೊಂದರೊಳಗೆ ಮುಗಿಸುವ ದಿನಾಂಕಗಳ ಪಟ್ಟಿ ಇದರ ಜೊತೆಗಿದೆ.

ಆ ದಿನಾಂಕಗಳ ಪಟ್ಟಿಯೇ ಅಹಲ್ಯಾರ ಅಸಲಿ ಕಸುಬು. ಮೂವತ್ತಾರು ವರ್ಷದಲ್ಲಿ ಯಾವ ಕಾಗದ ಯಾರ ಮೇಜಿನಲ್ಲಿ ಎಷ್ಟು ದಿನ ನಿದ್ದೆ ಮಾಡುತ್ತದೆ, ಯಾರು ಊಟದ ಮುಂಚೆ ಸಹಿ ಹಾಕುತ್ತಾರೆ, ಯಾರು ಚಹಾ ಆದ ಮೇಲೆ, ಎಲ್ಲ ಅವರ ಬೆರಳ ತುದಿಯಲ್ಲಿತ್ತು. ತ್ಯಾಗಿ ಪಟ್ಟಿಯನ್ನು ಓದಿ, “ಒಂದು ದಿನ ಜಾರಿದರೂ ಮುಗೀತು ಮೇಡಂ,” ಅಂದರು.

“ಜಾರಲ್ಲ ಸಾರ್. ನಡೆದುಕೊಂಡು ಹೋಗ್ತೀನಿ, ಓಡಲ್ಲ.”

ತ್ಯಾಗಿ ನಿಟ್ಟುಸಿರು ಬಿಟ್ಟು ಮೇಲಕ್ಕೆ ಕಳಿಸಿದರು. ಕಳಿಸದೆ ಗತಿ ಇರಲಿಲ್ಲ, ಅತ್ತ ದರಿ ಇತ್ತ ಪುಲಿ. ಅನುಮಾನ ಈಗ ಎರಡು ಸಹಿಯೊಂದಿಗೆ ಫೈಲಿನಲ್ಲಿ ಕೂತಿತ್ತು, ಅದನ್ನು ನೋಡಿಯೂ ನೋಡದವರ ಹೆಸರು ಮೂರನೆಯದಾಗುತ್ತಿತ್ತು.

ತಾಂತ್ರಿಕ ಸಮಿತಿ ಇಪ್ಪತ್ತಾರನೇ ತಾರೀಖು ಸೇರಿತು. ಅಧ್ಯಕ್ಷರು ಹಿರಿಯ ಡಾಕ್ಟರ್. ಕಂಪನಿಯ ಪುಸ್ತಿಕೆಯನ್ನೂ ಸರ್ಕಾರದ ಪಟ್ಟಿಯನ್ನೂ ಅಹಲ್ಯಾ ಪಕ್ಕಪಕ್ಕ ಇಟ್ಟರು, ಮೇಲೆ ಲಾಡಿಯ ಫೋಟೊ. ಹೆಚ್ಚು ಮಾತಾಡಲಿಲ್ಲ. ಡಾಕ್ಟರ್ ಫೋಟೊ ನೋಡಿ, ಪಟ್ಟಿ ನೋಡಿ, “ಒಳಗಿನ ತಂಪು ಮೂವತ್ತಾರು ಗಂಟೆ ನಿಲ್ಲಬೇಕು, ಅಷ್ಟೇ ನಮಗೆ ಮುಖ್ಯ. ಚಿಲಕ ಯಾರಿಗೆ ಬೇಕಿತ್ತು?” ಅಂತ ಕೇಳಿದರು. ಯಾರೂ ತಮಗೆ ಬೇಕಿತ್ತು ಅನ್ನಲಿಲ್ಲ. ಏಳನೇ ಸಾಲು ಹೋಯಿತು. ಅದರ ಜಾಗದಲ್ಲಿ ‘ಮುಚ್ಚಳವನ್ನು ಒಂದು ಕೈಯಲ್ಲಿ ತೆರೆಯುವಂತಿರಬೇಕು’ ಎಂಬ ಸಾಲು ಬಂತು. ಅದು ಕಮಲೇಶ್ ಅವರ ಸಾಲು.

ಮಾರ್ಚ್ ಎರಡಕ್ಕೆ ಸರ್ಕಾರಿ ಖರೀದಿಯ ಪೋರ್ಟಲ್‌ನಲ್ಲಿ ಟೆಂಡರ್ ಏರಿತು. ಇಪ್ಪತ್ತೊಂದು ದಿನ ಅವಧಿ. ಆ ಇಪ್ಪತ್ತೊಂದು ದಿನ ಅನಂತಮೂರ್ತಿ ಮನೆಯಲ್ಲಿ ಕ್ಯಾಲೆಂಡರಿನ ಮುಂದೆ ನಿಂತೇ ಇದ್ದರು. ಹೋಳಿಯ ದಿನ ಪಕ್ಕದ ಮನೆಯವರು ಬಣ್ಣ ಹಚ್ಚಲು ಬಂದರೆ ಅವರಿಗೂ “ಇನ್ನೂ ಹತ್ತೊಂಬತ್ತು ದಿನ” ಅಂದರು. ಅಹಲ್ಯಾ ಮಾತ್ರ ಎಂದಿನಂತೆ ಒಂಬತ್ತಕ್ಕೆ ಹೋಗಿ ಆರಕ್ಕೆ ಬಂದರು. ಮಧ್ಯೆ ಒಂದು ದಿನ ಹಣಕಾಸಿನವರು ಫೈಲನ್ನು ‘ಇನ್ನೊಂದು ಪ್ರತಿ ಬೇಕು’ ಅಂತ ವಾಪಸ್ ಕಳಿಸಿದರು. ಹಾಗೆ ಕಳಿಸುತ್ತಾರೆಂದು ಗೊತ್ತಿದ್ದು ಅಹಲ್ಯಾ ಮೊದಲೇ ಪ್ರತಿ ಮಾಡಿಟ್ಟಿದ್ದರು. ಹತ್ತು ನಿಮಿಷದಲ್ಲಿ ಅವರ ಮೇಜಿಗೆ ತಾವೇ ಹೋಗಿ ಇಟ್ಟರು. ಹಣಕಾಸಿನವರಿಗೆ ಸ್ವಲ್ಪ ನಿರಾಸೆಯೇ ಆಯಿತು ಪಾಪ.

ಇಪ್ಪತ್ತಮೂರಕ್ಕೆ ಟೆಂಡರ್ ಹಾಕಿದವರ ಹೆಸರು ತೆರೆಯಿತು. ಐದು ಕಂಪನಿ. ಮೂರು ದಿನದಲ್ಲಿ ಮಾದರಿ ಪೆಟ್ಟಿಗೆಗಳ ಪರೀಕ್ಷೆ ಮುಗಿಯಿತು, ಐದೂ ಪಾಸು. ಇಪ್ಪತ್ತಾರರ ಮಧ್ಯಾಹ್ನ ದರ ತೆರೆದರು. ತನುಶ್ರೀ ಪರದೆಯನ್ನು ನೋಡಿ ಕೆಳಗಿನಿಂದ ಮೇಲಕ್ಕೆ ಓದಿದಳು. ಸಾವಿರದ ಹತ್ತು. ಒಂಬೈನೂರ ಎಂಬತ್ತು. ಒಂಬೈನೂರ ನಲವತ್ತು. ಒಂಬೈನೂರ ಹದಿನೆಂಟು. ಎಲ್ಲಕ್ಕಿಂತ ಕಡಿಮೆ ಒಂಬೈನೂರ ಐದು.

ಆ ಒಂಬೈನೂರ ಐದು ಹಾಕಿದವರು ಯಾರು ಗೊತ್ತೆ? ಅದೇ ಫರೀದಾಬಾದಿನ ಕಂಪನಿ.

ತ್ಯಾಗಿ ಕುರ್ಚಿಗೆ ಒರಗಿ ಜೋರಾಗಿ ನಕ್ಕರು. “ಇಷ್ಟೆಲ್ಲ ಮಾಡಿ ಏನು ಸಿಕ್ಕಿತು ಮೇಡಂ? ಅವನೇ ಬಂದ.”

ಅಹಲ್ಯಾಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯಿತು. ನಾಲ್ವರು ಪಕ್ಕದಲ್ಲಿ ನಿಂತರೆ ಒಂಬೈನೂರ ಐದಕ್ಕೆ ಕೊಡುವವನು, ಒಬ್ಬನೇ ಇದ್ದಾಗ ಸಾವಿರದ ನಾನೂರ ಐವತ್ತು ಕೇಳಿದ್ದ. ಅವನನ್ನು ಬೈದು ಏನು ಪ್ರಯೋಜನ, ಅವನು ವ್ಯಾಪಾರಿ. ಒಬ್ಬನನ್ನೇ ನಿಲ್ಲಿಸಿದವರು ನಾವು.

“ಅವನೇ ಬಂದ ಸಾರ್. ಒಂಬೈನೂರ ಐದಕ್ಕೆ ಬಂದ,” ಅಂದರು. “ಒಟ್ಟು ಮೂರು ಕೋಟಿ ಅರವತ್ತೆರಡು ಲಕ್ಷ. ಆರ್ಡರ್ ತಯಾರು ಮಾಡು ತನುಶ್ರೀ.”

ಮೂವತ್ತನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಆರ್ಡರ್ ಹೊರಟಿತು. ಒಂದು ದಿನ ಕೈಯಲ್ಲಿತ್ತು. ಅಹಲ್ಯಾ ಅನಂತಮೂರ್ತಿಗೆ ಫೋನ್ ಮಾಡಿ “ಹೋಯ್ತು ರೀ” ಅಂದರು. ಆ ಕಡೆಯಿಂದ “ಸಂಜೆ ಜಾಮೂನು ಮಾಡ್ತೀನಿ, ಪುಡಿ ಎಲ್ಲಿಟ್ಟಿದ್ದೀಯ?” ಅಂತ ಅವರು ಕೇಳಿದರು.

ಮೂವತ್ತೊಂದರ ಮಧ್ಯಾಹ್ನ ಬೀಳ್ಕೊಡುಗೆ. ಶಾಲು, ಹಾರ, ಸಮೋಸ, ಎರಡು ಭಾಷಣ. ತನುಶ್ರೀ ಕನ್ನಡದಲ್ಲಿ ನಾಲ್ಕು ಮಾತಾಡಿ ಅತ್ತಳು, ಅರ್ಥವಾಗದವರೂ ಚಪ್ಪಾಳೆ ತಟ್ಟಿದರು. ಎಲ್ಲ ಮುಗಿದು, ‘ಯಾವ ಬಾಕಿಯೂ ಇಲ್ಲ’ ಎಂಬ ಪ್ರಮಾಣಪತ್ರಕ್ಕೆ ಅಹಲ್ಯಾ ಕಾಯುತ್ತಿದ್ದರು. ಅದೊಂದು ಕಾಗದ ಕೈಗೆ ಬಂದರೆ ಗ್ರ್ಯಾಚುಯಿಟಿ ಬಿಡುಗಡೆ. ನಾಲ್ಕು ಗಂಟೆಗೆ ತ್ಯಾಗಿ ಬಂದರು. ಕೈಯಲ್ಲಿ ಬೇರೆಯೇ ಕಾಗದ. ಮುಖ ಎತ್ತಲಿಲ್ಲ.

ಅದು ಜ್ಞಾಪನ, ಅಂದರೆ ಮೆಮೊ. ಲಸಿಕೆ ಪೆಟ್ಟಿಗೆಗೆ ಮಂಜೂರಾದ ಐದು ಕೋಟಿ ಎಂಬತ್ತು ಲಕ್ಷದಲ್ಲಿ ಎರಡು ಕೋಟಿ ಹದಿನೆಂಟು ಲಕ್ಷ ಖರ್ಚಾಗದೆ ಉಳಿದಿದೆ. ವೆಚ್ಚದ ಗುರಿ ಮುಟ್ಟದಿರಲು ಕಾರಣವೇನು? ಸಂಬಂಧಪಟ್ಟ ಸೆಕ್ಷನ್ ಆಫೀಸರ್ ಇಂದೇ ಲಿಖಿತ ವಿವರಣೆ ನೀಡತಕ್ಕದ್ದು. ವಿವರಣೆ ಒಪ್ಪಿಗೆಯಾಗುವವರೆಗೆ ಬಾಕಿ ಇಲ್ಲದ ಪ್ರಮಾಣಪತ್ರ ನೀಡಲಾಗದು.

ಅಲ್ಲ ಸ್ವಾಮಿ, ನೀವೇ ಹೇಳಿ. ಎರಡು ಕೋಟಿ ನುಂಗಿದವರಿಗೆ ನೋಟಿಸ್ ಕೊಡುವುದನ್ನು ಕೇಳಿದ್ದೇವೆ. ಉಳಿಸಿದವರಿಗೆ, ಅದೂ ಕೊರಳಲ್ಲಿ ಹಾರ ಇರುವಾಗ!

“ಕಂಪ್ಯೂಟರ್ ತಾನೇ ಕಳಿಸುತ್ತೆ ಮೇಡಂ, ಯಾರೂ ಬೇಕಂತ ಮಾಡಿದ್ದಲ್ಲ,” ಅಂದರು ತ್ಯಾಗಿ. ಅವರ ಸಂಕಟ ನಿಜವಾಗಿತ್ತು. “ಇದಕ್ಕೆ ಒಂದು ಸಿದ್ಧ ಉತ್ತರ ಇದೆ. ಮಾರುಕಟ್ಟೆ ದರದ ಏರಿಳಿತದಿಂದಾಗಿ ಅಂತ ಬರೆಯಿರಿ. ಎಲ್ಲರೂ ಅದನ್ನೇ ಬರೆಯೋದು. ನಾನು ಒಪ್ಪಿಗೆ ಹಾಕ್ತೀನಿ, ಐದು ನಿಮಿಷದಲ್ಲಿ ನಿಮ್ಮ ಪ್ರಮಾಣಪತ್ರ ಕೈಗೆ ಬರುತ್ತೆ.”

ಸುತ್ತಲೂ ನಿಂತವರು ಹೂಂ ಹೂಂ ಅಂದರು. ಅಹಲ್ಯಾ ಹಾರ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು. ಕೂತು, ಕನ್ನಡಕ ಏರಿಸಿ, ಮೂವತ್ತಾರು ವರ್ಷದ ಕೊನೆಯ ಟಿಪ್ಪಣಿಯನ್ನು ಒಂದೇ ಸಾಲಿನಲ್ಲಿ ಟೈಪ್ ಮಾಡಿದರು: “ಕಾರಣ: ಈ ಸಲ ಬೆಲೆಯನ್ನು ಐದು ಜನರಲ್ಲಿ ಕೇಳಿದೆವು.”

ತ್ಯಾಗಿ ಬಗ್ಗಿ ಓದಿದರು. “ಇಷ್ಟೇನಾ? ಮಾರುಕಟ್ಟೆ ಏರಿಳಿತ ಅಂತ ಒಂದು ಮಾತು ಸೇರಿಸಿ ಮೇಡಂ. ಮೇಲಿನವರು ಕೇಳಿದರೆ ನನಗೂ ಹೇಳೋಕೆ ಆಗುತ್ತೆ.”

“ಮಾರುಕಟ್ಟೆ ಏರಲೂ ಇಲ್ಲ, ಇಳಿಯಲೂ ಇಲ್ಲ ಸಾರ್,” ಅಂದರು ಅಹಲ್ಯಾ. “ಅದು ಇದ್ದಲ್ಲೇ ಇತ್ತು. ನಾವೇ ಹೋಗಿರಲಿಲ್ಲ.”

ತ್ಯಾಗಿ ಅಹಲ್ಯಾರ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಒಂದು ಅಕ್ಷರವನ್ನೂ ಬದಲಿಸದೆ, ಒಪ್ಪಿಗೆ ಒತ್ತಿದರು.